ಮೂರನೇ ದಿನದ ಬೆಲ್ಲ

ಇದನ್ನು ಬರೆಯಬೇಕೆಂದು ಕುಳಿತು, ಬರೆಯದೆ ಎದ್ದದ್ದು ಎಷ್ಟು ಸಲವೋ. ಒಂದು ವರ್ಷ ಕಣ್ಣಿನ ಪೊರೆಯ ನೆಪ ಸಿಕ್ಕಿತು, ಇನ್ನೊಂದು ವರ್ಷ ಮೊಣಕಾಲಿನದು. ಮ್ಯಾಟ್ರಿಕ್ ತನಕ ಕಲಿತವನು ನಾನು. ಬರೆಯಲು ಬರುವುದಿಲ್ಲ ಎಂಬ ನೆಪವೊಂದು ಮಾತ್ರ ನನಗಿರಲಿಲ್ಲ. ಹೆಂಡತಿಗೂ ಹೇಳಿಲ್ಲ. ಈಗ ಎಪ್ಪತ್ತು ದಾಟಿತು. ಹೇಳದೆ ಹೋದರೆ ಹೇಳುವವರು ಬೇರೆ ಯಾರೂ ಇಲ್ಲ.

ಲೋಕಾಪುರದಿಂದ ಮುಧೋಳದ ಕಡೆ ಹೋಗುವಾಗ ಎಡಕ್ಕೆ ಹೊರಳಿ, ಕಬ್ಬಿನ ಹೊಲಗಳ ನಡುವೆ ಒಂದು ಮೈಲು ಹೋದರೆ ನಾನು ದುಡಿಯುತ್ತಿದ್ದ ಬೆಲ್ಲದ ಗಾಣ. ಅಲ್ಲಿ ಹದ ನೋಡುವ ಕೆಲಸ ನನ್ನದು. ಕಬ್ಬು ಅರೆಯುವವನು, ಒಲೆಗೆ ಒಣಗಿದ ಸಿಪ್ಪೆ ಹಾಕುವವನು, ಬೆಲ್ಲವನ್ನು ಬಟ್ಟೆಯಲ್ಲಿ ಕಟ್ಟಿ ಪೆಂಟೆ ಮಾಡುವವರು ಬೇರೆ ಬೇರೆ. ಆದರೆ ಕುದಿಯುವ ಪಾಕವನ್ನು ಯಾವ ಗಳಿಗೆಗೆ ಇಳಿಸಬೇಕೆಂದು ಹೇಳುವವನು ಒಬ್ಬನೇ. ಅವನು ಕೈ ಎತ್ತಿದರೆ ನಾಲ್ಕು ಜನ ಓಡಿಬಂದು ಕೊಪ್ಪರಿಗೆಗೆ ಕೈ ಹಚ್ಚಬೇಕು. ಇಪ್ಪತ್ತೆರಡು ಹಂಗಾಮು ಆ ಕೈ ನನ್ನದಾಗಿತ್ತು. ಒಲೆಯ ಪಕ್ಕದಲ್ಲಿ ಹದಗಾರ ಕೂಡುವ ಒಂದು ಕಲ್ಲಿತ್ತು; ಅದರ ಮೇಲೆ ಮಾಲಕರೂ ಕೂಡುತ್ತಿರಲಿಲ್ಲ.

ಐದಾರು ವರ್ಷದ ಹಿಂದೆ, ಒಂದು ಹಂಗಾಮಿನಲ್ಲಿ ಸವಳು ಹೊಲದ ಕಬ್ಬು ಬಂತು. ನೀರು ಹಾಯಿಸಿ ಹಾಯಿಸಿ ಉಪ್ಪೆದ್ದ ನೆಲದ ಕಬ್ಬು. ಅರೆದ ಕಬ್ಬಿನ ಹಾಲು ನೋಡಲು ಚೆನ್ನಾಗಿಯೇ ಇತ್ತು, ನಾಲಗೆಗೆ ಹಚ್ಚಿದರೆ ಸಿಹಿಯ ಹಿಂದಿನಿಂದ ಉಪ್ಪು ಬರುತ್ತಿತ್ತು. ನಾನು ಎಂದಿನಂತೆ ಸುಣ್ಣದ ತಿಳಿ ಹಾಕಿದೆ, ಮೇಲೆ ಬಂದ ಕಲ್ಮಶ ತೆಗೆಸಿದೆ. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ, ಕೊಪ್ಪರಿಗೆಯ ಅಂಚಿಗೆ ಬಡಿದೆ. ಟಣ್ ಎಂದಿತು. ಇಳಿಸಿದೆವು. ಮರುದಿನ ಬಟ್ಟೆ ಬಿಚ್ಚಿದರೆ ಪೆಂಟೆ ಬೆವರುತ್ತಿತ್ತು. ಹೆಬ್ಬೆರಳು ಊರಿದರೆ ಒಳಗಿಳಿಯಿತು. ಎರಡನೇ ಕೊಪ್ಪರಿಗೆಯನ್ನು ಇನ್ನಷ್ಟು ಹೊತ್ತು ಕಾಯಿಸಿದೆ, ಕಪ್ಪಾಯಿತು. ಮೂರನೆಯದಕ್ಕೆ ಸುಣ್ಣ ಹೆಚ್ಚು ಹಾಕಿದೆ. ಆ ಬೆಲ್ಲವನ್ನು ದನ ಕೂಡ ಮೂಸಿ ಬಿಟ್ಟವು.

ಮಾಲಕರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇರ್ಲಿ ಬಿಡ್ರಿ, ನೆಲದ ತಪ್ಪ ಐತಿ ಅದು" ಎಂದರು. ವಾರದೊಳಗೆ ಕೊಲ್ಲಾಪುರದ ಕಡೆಯಿಂದ ಒಬ್ಬನನ್ನು ಕರೆಸಿದರು. ಆ ಕಡೆ ಹದಗಾರನಿಗೆ ಗುಳವ್ಯಾ ಎನ್ನುತ್ತಾರೆ. ನಮ್ಮ ಗಾಣದಲ್ಲಿಯೂ ಎಲ್ಲರೂ ಅವನನ್ನು ಹಾಗೇ ಕರೆದರು; ಹೆಸರು ಹಿಡಿದು ಕರೆದವರಿಲ್ಲ.

ನಲವತ್ತರ ಆಸುಪಾಸಿನವನು, ಸಣಕಲು ಮೈ, ಬಿಳಿ ಟೋಪಿ. ಗಡಿಯ ಹಳ್ಳಿಯವನಾದ್ದರಿಂದ ಕನ್ನಡ ಬರುತ್ತಿತ್ತು. ತಾನು ದುಡಿಯುತ್ತಿದ್ದ ಗಾಣ ಮುಚ್ಚಿ ಒಂದು ವರ್ಷ ಖಾಲಿ ಕುಳಿತಿದ್ದನಂತೆ. ಬಂದವನೇ ನನ್ನ ಕಾಲು ಮುಟ್ಟಿದ.

"ಕಾಕಾ, ನೀವು ಹಿರ್ಯಾರು. ನಾ ಬಾಜೂಕ ಕುಂತ ನೋಡ್ತೇನ್ರಿ."

"ನೋಡಾಕ ಕರಸಿಲ್ಲಪಾ ನಿನ್ನ," ಎಂದರು ಮಾಲಕರು. "ಅಲ್ಲಿ ಕುಂದರು." ತೋರಿಸಿದ್ದು ನನ್ನ ಕಲ್ಲನ್ನು.

ಅವನು ಮೊದಲು ಮಾಡಿದ ಕೆಲಸ ಕಬ್ಬು ಬೇರೆ ಮಾಡಿದ್ದು. ಸವಳು ಕಬ್ಬು ಒಂದು ಪಾಲಿಗೆ, ಮೇಲಿನ ಕರಿ ಮಣ್ಣಿನ ಕಬ್ಬು ಎರಡು ಪಾಲು ಸೇರಿಸಿ ಅರೆಸಿದ. "ಸವಳ ಕಬ್ಬಿನ್ನ ಒಂಟಿ ಬಿಡಬಾರ್ದ ಕಾಕಾ, ಅದಕ್ಕ ಜೋಡಿ ಬೇಕ" ಎಂದ. ಬೆಂಡೆ ಗಿಡ ತರಿಸಿ, ಜಜ್ಜಿ, ನೀರಲ್ಲಿ ಹಿಂಡಿ ಲೋಳೆ ತೆಗೆದ. ಬೆಂಡೆ ಲೋಳೆ ನಾವೂ ಹಾಕುತ್ತಿದ್ದೆವು, ಆದರೆ ಕುದಿ ಬಂದ ಮೇಲೆ. ಅವನು ಹಾಲು ಬೆಚ್ಚಗಾದಾಗಲೇ ಹಾಕಿ, ಒಲೆಯ ಉರಿ ಸಣ್ಣ ಮಾಡಿಸಿ ಸುಮ್ಮನೆ ಕುಳಿತ. ಕರಿ ಕಲ್ಮಶ ಕಂಬಳಿಯ ಹಾಗೆ ಒಂದೇ ಹಾಸಾಗಿ ಮೇಲೆ ಬಂತು. ಕುದಿಯುವ ಮುಂಚೆಯೇ ಅದನ್ನು ಪೂರಾ ತೆಗೆದ. ಸುಣ್ಣ ನಾನು ಹಾಕುವುದರ ಅರ್ಧ. ಆಮೇಲೆ ಉರಿ ಜೋರು ಮಾಡಿಸಿ ಗುಳ್ಳೆಗಳನ್ನು ನೋಡುತ್ತ ಕುಳಿತ. ಅವನು ಕೈ ಎತ್ತಿದಾಗ ನನ್ನ ಲೆಕ್ಕದಲ್ಲಿ ಪಾಕ ಇನ್ನೂ ಎಳೆಯದಿತ್ತು. ಕೆಡಲಿ ಎಂದು ಮನಸ್ಸಿನಲ್ಲಿ ಅಂದುಕೊಂಡೆ.

ಮರುದಿನ ಬಟ್ಟೆ ಬಿಚ್ಚಿದಾಗ ಪೆಂಟೆ ಹೊಂಬಣ್ಣದ್ದಾಗಿತ್ತು. ಒಡೆದರೆ ಒಳಗೆ ಹರಳು. ಮಾಲಕರು ಒಂದು ತುಣುಕು ಬಾಯಿಗಿಟ್ಟು ಕಣ್ಣು ಮುಚ್ಚಿದರು. ನನ್ನ ಇಪ್ಪತ್ತೆರಡು ಹಂಗಾಮಿನಲ್ಲಿ ಅವರು ಬೆಲ್ಲ ತಿಂದು ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ.

ಅಲ್ಲಿಂದ ಮುಂದೆ ಅವನ ಮೇಲೆಯೇ ನನ್ನ ಕಣ್ಣು. ಚಹಾದ ಮೊದಲ ಕಪ್ಪು ಅವನಿಗೆ ಹೋಗುವುದನ್ನು ನೋಡಿದೆ. ಜಮಖಂಡಿಯ ವ್ಯಾಪಾರಿ ಬಂದವನು "ಗುಳವ್ಯಾ ಎಲ್ಲದಾನ್ರಿ?" ಎಂದು ನನ್ನನ್ನೇ ಕೇಳಿದ. ಗುಳವ್ಯಾನ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದೆ. ಸಿಗದಿದ್ದಾಗ ಅವನ ಟೋಪಿಯಲ್ಲಿ, ನಡಿಗೆಯಲ್ಲಿ ಹುಡುಕುತ್ತಿದ್ದೆ. ಒಂದು ದಿನ ಅವನು ನೀರು ಕುಡಿಯಲು ಎದ್ದಾಗ ಸುಣ್ಣದ ಡಬ್ಬಿ ನನ್ನ ಕೈಯಲ್ಲಿತ್ತು. ಒಂದು ಮುಷ್ಟಿ ಹಾಕಿದ್ದರೆ ಆ ಕೊಪ್ಪರಿಗೆ ಮುಗಿಯುತ್ತಿತ್ತು. ಹಾಕಲಿಲ್ಲ. ಬೆಲ್ಲಕ್ಕೆ ದ್ರೋಹ ಮಾಡಲು ನನ್ನ ಕೈ ಬರಲಿಲ್ಲ.

ಅವನ ತಪ್ಪುಗಳು ಸಿಕ್ಕಿದ್ದು ಬೇರೆ ಕಡೆ. ಒಂದು ಬೆಳಿಗ್ಗೆ ಮಾಲಕರು ಮೋಟರ್‌ಸೈಕಲ್ ಹತ್ತಿ ಬೀಳಗಿಗೆ ಹೊರಟಿದ್ದರು. ಇವನು ನಗುತ್ತ, "ಎಲ್ಲಿಗ್ರಿ ಮಾಲಕ್ರ?" ಎಂದುಬಿಟ್ಟ. ಹೊರಟವರನ್ನು ನಮ್ಮಲ್ಲಿ ಎಲ್ಲಿಗೆ ಎಂದು ಕೇಳುವುದಿಲ್ಲ, ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಮಾಲಕರು ಗಾಡಿ ಇಳಿದರು, ಒಳಗೆ ಹೋಗಿ ಕುಳಿತರು, ನೀರು ಕುಡಿದರು, ಆಮೇಲೆ ಹೋದರು. ಆಳುಗಳು ಬಿದ್ದು ಬಿದ್ದು ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಅವನನ್ನು ಉಳಿಸಿದವರು ದೊಡ್ಡವ್ವ. ಮಾಲಕರ ಅಕ್ಕ ಆಕೆ. ಗಂಡ ತೀರಿದ ಮೇಲೆ ತಮ್ಮನ ಮನೆಗೆ ಬಂದು, ಗಾಣದ ಹದಿನೈದು ಆಳುಗಳಿಗೆ ರೊಟ್ಟಿ ಹಾಕುವ ಜವಾಬ್ದಾರಿ ಹೊತ್ತಿದ್ದರು. ಅವನನ್ನು ಹತ್ತಿರ ಕರೆದು, "ಎಲ್ಲಿಗೆ ಅನಬಾರ್ದೋ ಮಗನ. ಕೇಳಬೇಕಂದ್ರ 'ದೂರ ಹೊಂಟ್ರ್ಯಾ?' ಅನಬೇಕ" ಎಂದು ಹೇಳಿಕೊಟ್ಟರು.

"ಎರಡೂ ಒಂದ ಆತಲ್ರಿ ದೊಡ್ಡವ್ವಾ?"

"ಒಂದ ಹೆಂಗಾತು? ಎಲ್ಲಿಗೆ ಅಂದ್ರ ಅಡ್ಡ ನಿಂತಂಗ. ದೂರ ಅಂದ್ರ ದಾರಿ ಬಿಟ್ಟಂಗ."

ಅವತ್ತಿನಿಂದ ದಿನಾಲು ಊಟದ ಹೊತ್ತಿಗೆ ಅದೇ ಶಾಲೆ. ನಮ್ಮಲ್ಲಿ ಉಣ್ಣಲು ಕುಳಿತ ಪರ ಊರವನು ಸಾಕು ಎಂದರೂ ಬಡಿಸುವವಳು ಇನ್ನೊಂದು ರೊಟ್ಟಿ ಹಾಕಲೇಬೇಕು. ಹಾಕದಿದ್ದರೆ ಕೈ ಗಿಡ್ಡ ಎನ್ನುತ್ತಾರೆ. ಅವರಲ್ಲಿ ತಾಟಿನಲ್ಲಿ ಚೂರು ಬಿಟ್ಟರೂ ಅಪಮಾನವಂತೆ. ಹೀಗಾಗಿ ಆಕೆ ಹಾಕುತ್ತ ಹೋದರು, ಅವನು ತಿನ್ನುತ್ತ ಹೋದ. ಏಳನೇ ರೊಟ್ಟಿಗೆ ಅವನ ಕಣ್ಣಲ್ಲಿ ನೀರು ಬಂತು. "ತಾಟಿನ್ಯಾಗ ಒಂದ ಚೂರ ಬಿಟ್ಟಿದ್ರ ನಾ ಹಾಕೂದ ಬಿಡ್ತಿದ್ನೆಲ್ಲೋ ಹುಚ್ಚಾ" ಎಂದು ದೊಡ್ಡವ್ವ ಸೆರಗು ಬಾಯಿಗಿಟ್ಟು ನಕ್ಕರು. ಅಂಗಡಿ ಮುಚ್ಚುವಾಗ ಅವರ ಕಡೆ ಮುಚ್ಚು ಎನ್ನುವುದಿಲ್ಲ, ಹೆಚ್ಚಿಸು ಎನ್ನುತ್ತಾರಂತೆ. ಆಕೆಗೆ ಅದು ಬಹಳ ಹಿಡಿಸಿತು. ನಾವು ಒಲೆ ಆರಿಸು ಎನ್ನದೆ ಶಾಂತ ಮಾಡು ಎನ್ನುವುದನ್ನು ಹೇಳಿಕೊಟ್ಟರು. ಹೊರಡುವಾಗ ನಾವು ಬರ್ತೇನಿ ಎನ್ನುತ್ತೇವೆ, ಅವರೂ ಯೇತೋ ಎನ್ನುತ್ತಾರೆ, ಹೋಗುತ್ತೇನೆ ಎಂದು ಇಬ್ಬರೂ ಎನ್ನುವುದಿಲ್ಲ. ಅದನ್ನು ಕಂಡುಕೊಂಡ ದಿನ ಇಬ್ಬರೂ ಸಂಬಂಧಿಕರು ಸಿಕ್ಕಷ್ಟು ಹಿಗ್ಗಿದರು.

ಇಪ್ಪತ್ತೆರಡು ವರ್ಷ ಅವರ ಕೈಯ ರೊಟ್ಟಿ ತಿಂದವನು ನಾನು. ನನ್ನ ಕಡೆ ತಿರುಗಿ, "ಏ ತಮ್ಮಾ, ನಿನ್ನ ಮಾರಿ ಯಾಕ ಸುಟ್ಟ ಪಾಕ ಆಗೇತಿ?" ಎಂದರು. ಎಲ್ಲರೂ ನಕ್ಕರು. ಅವನು ಮಾತ್ರ ನಗಲಿಲ್ಲ. ಅದೂ ನನಗೆ ಸಿಟ್ಟು ತಂದಿತು.

ಸಂಕ್ರಮಣ ಕಳೆದ ಮೇಲೆ ಮಾಲಕರು ಅವನಿಗೆ ಗಾಣದ ಹಿಂದಿನ ಎರಡು ಕೋಣೆ ಕೊಡುತ್ತೇನೆಂದರು. ಹಂಗಾಮು ಮುಗಿದ ಮೇಲೂ ಹೊಲ ನೋಡಿಕೊಂಡು ಇಲ್ಲೇ ಇರು, ಯುಗಾದಿಗೆ ಹೆಂಡತಿ ಮಗಳನ್ನು ಕರೆದುಕೊಂಡು ಬಾ ಎಂದರು. ಅವನು ಫೋನಿನಲ್ಲಿ ಹೆಂಡತಿಗೆ ಆ ಕೋಣೆಗಳನ್ನು, ಕಿಟಕಿಯನ್ನು, ಹೊರಗಿನ ನಳವನ್ನು ತೋರಿಸುತ್ತ ಅಡ್ಡಾಡಿದ. ನಡುವೆ ನನ್ನ ಮುಂದೆಯೂ ಫೋನು ಹಿಡಿದು, "ಇವರ ನೋಡ ಕಾಕಾ" ಎಂದ. ಆ ಹೆಣ್ಣುಮಗಳು ತಲೆಯ ಮೇಲೆ ಸೆರಗು ಎಳೆದುಕೊಂಡು ಕೈ ಮುಗಿದಳು. ಹಾಗಾದರೆ ಆ ಕಲ್ಲು ಇನ್ನು ನನಗೆ ತಿರುಗಿ ಬರುವುದಿಲ್ಲ ಎಂದು ನನಗೆ ಆಗ ಖಾತ್ರಿಯಾಯಿತು.

ಅದಾಗಿ ಹತ್ತು ದಿನಕ್ಕೆ ದೊಡ್ಡವ್ವ ತೀರಿಕೊಂಡರು. ಬೆಳಿಗ್ಗೆ ಹಿಟ್ಟು ನಾದುತ್ತಿದ್ದವರು ಎದೆ ಹಿಡಿದುಕೊಂಡು ಕುಳಿತರು. ಮುಧೋಳದ ದವಾಖಾನೆ ಮುಟ್ಟುವ ಮುಂಚೆಯೇ ಮುಗಿದಿತ್ತು. ಗಾಣ ನಿಂತಿತು. ಸಂಜೆಗೆ ಹೊಲದಲ್ಲೇ ಮಣ್ಣು ಮಾಡಿದರು. ಗುಳವ್ಯಾ ಗುಂಡಿಯ ದಂಡೆಯಲ್ಲಿ ನಿಂತು ಮಕ್ಕಳ ಹಾಗೆ ಅತ್ತ. ಇವನಿಗೇನು ಇಷ್ಟು ಅಳು, ಎರಡು ತಿಂಗಳ ಪರಿಚಯಕ್ಕೆ ಎಂದು ನಾನು ಪಕ್ಕದಲ್ಲಿ ನಿಂತು ಯೋಚಿಸಿದೆ. ಅಳುವಿನಲ್ಲಿಯೂ ಅವನು ನನ್ನನ್ನು ಮೀರಿಸಿದ ಎನ್ನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ಹಾಗೆಯೇ.

ಮೂರನೇ ದಿನ ಬೆಳಿಗ್ಗೆ ಅವನು ಗಾಣದ ಅಂಗಳದಲ್ಲಿ ನನ್ನ ಹತ್ತಿರ ಬಂದ. ಅವತ್ತು ಗೋರಿಗೆ ಹಾಲು ತುಪ್ಪ ಹಾಕುವ ದಿನ. ಬೀಳಗಿ, ಜಮಖಂಡಿಯಿಂದ ಬೀಗರು ಬರುವವರಿದ್ದರು.

"ಕಾಕಾ, ಇಷ್ಟ ದಿನಾ ದೊಡ್ಡವ್ವಗ ಕೇಳ್ತಿದ್ನಿ. ಈಗ ನಿಮಗ ಕೇಳಬೇಕಾತು. ಇವತ್ತ ಮನಿಗೆ ಏನ ಒಯ್ಯೂದ್ರಿ? ನಮ್ಮ ಕಡೆ ಮೂರನೇ ದಿನಾ ಭಾಕರಿ ಪಿಠಲಾ ಬುತ್ತಿ ಕಟಗೊಂಡ ಒಯ್ತೀವಿ. ದುಃಖದ ಮನ್ಯಾಗ ಒಲಿ ಹಚ್ಚೂದಿಲ್ಲಲ್ರಿ. ಇಲ್ಲಿ ಹೆಂಗ?"

ಅವರ ಭಾಕರಿ ಪಿಠಲಾ ಎಂದರೆ ನಮ್ಮ ರೊಟ್ಟಿ ಝುಣಕ; ಇಲ್ಲಿಯೂ ಹಾಗೆಯೇ. ನನ್ನ ಹೆಂಡತಿ ಆ ಹೊತ್ತಿಗೆ ಮನೆಯಲ್ಲಿ ಅದೇ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಹೌದಪ್ಪ, ನಮ್ಮಲ್ಲಿಯೂ ಅದೇ ಎಂದಿದ್ದರೆ ಮಾತು ಮುಗಿಯುತ್ತಿತ್ತು.

"ಇಲ್ಲಿ ಹಂಗಿಲ್ಲ," ಎಂದೆ. "ಸತ್ತವರು ಉಂಡ ಮನಿ ಅದು. ಅವರ ಋಣ ತೀರಸಾಕ ನಿನ್ನ ಕೈಲೆ ಮಾಡಿದ್ದನ್ನ ಒಯ್ಯಬೇಕ. ನೀ ಬೆಲ್ಲಾ ಒಯ್ಯಿ."

"ಸಿಹಿ ನಡೀತೈತ್ರ್ಯಾ?"

"ನಿಮ್ಮೂರ ಪದ್ಧತಿ ಇಲ್ಲಿ ಹಚ್ಚಬ್ಯಾಡ. ಎಲ್ಲಿಗೆ ಅಂದಾಗ ಏನಾತು, ಮರತಿ?"

ಅವನು ತಲೆ ಆಡಿಸಿದ. ಗೋದಾಮಿನಲ್ಲಿ ಯಾವ ಪೆಂಟೆ ತೆಗೆದುಕೊಳ್ಳಲಿ ಎಂದು ಅದನ್ನೂ ನನಗೇ ಕೇಳಿದ. ಇದ್ದುದರಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ನಾನೇ ಆರಿಸಿ ಕೊಟ್ಟೆ. ತಾನು ಉಡಲೆಂದು ರಬಕವಿಯಿಂದ ತಂದಿದ್ದ ಹೊಸ ಬಿಳಿ ಪಂಚೆಯಲ್ಲಿ ಅದನ್ನು ಕಟ್ಟಿಕೊಂಡ.

ನಮ್ಮ ಕಡೆ ಮಗು ಹುಟ್ಟಿದರೆ ಬೆಲ್ಲ ಹಂಚುತ್ತಾರೆ, ಕೋರ್ಟಿನಲ್ಲಿ ಗೆದ್ದರೆ ಹಂಚುತ್ತಾರೆ. ಸತ್ತವರ ಮನೆಗೆ ಬೆಲ್ಲ ಒಯ್ದರೆ ಅದಕ್ಕೆ ಅರ್ಥ ಒಂದೇ: ಸತ್ತದ್ದು ಒಳ್ಳೆಯದಾಯಿತು.

ನಾನು ಮುಂಚೆಯೇ ಹೋಗಿ ಅಂಗಳದ ಗಂಡಸರ ನಡುವೆ ಕುಳಿತಿದ್ದೆ. ಒಳಗೆ ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಅವನು ಚಪ್ಪಲಿ ದೂರ ಬಿಟ್ಟು, ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಬಂದ. ದೊಡ್ಡವ್ವನ ಫೋಟೋದ ಮುಂದೆ ಇಟ್ಟು, ಗಂಟು ಬಿಚ್ಚಿ, ಹಣೆ ನೆಲಕ್ಕೆ ಹಚ್ಚಿದ. ಹೊಂಬಣ್ಣದ ಪೆಂಟೆ. ಅಳು ಒಮ್ಮೆಲೇ ನಿಂತಿತು.

ಮಾಲಕರ ತಮ್ಮ ಮೊದಲು ಎದ್ದ. "ಏನಲೇ ಇದು? ನಮ್ಮಕ್ಕ ಸತ್ತಾಳಂತ ಬೆಲ್ಲಾ ಹಂಚಾಕ ಬಂದೀಯೇನಲೇ?" ಎಂದು ಅವನ ಅಂಗಿ ಹಿಡಿದ. ಒಳಗಿನಿಂದ ಒಂದು ಹೆಣ್ಣು ದನಿ, "ಆಕಿ ಕೈ ಅನ್ನಾ ಉಂಡ ಬಾಯಿ ಅದು, ಹುಳಾ ಬೀಳ್ಲಿ" ಎಂದು ಶಾಪ ಹಾಕಿತು. ಟೋಪಿ ನೆಲಕ್ಕೆ ಬಿತ್ತು. ಅವನಿಗೆ ಏನಾಗುತ್ತಿದೆ ಎಂಬುದೇ ತಿಳಿಯಲಿಲ್ಲ. ತಿಳಿದಾಗ ಪಂಚೆಯ ಅಂಚು ಎಳೆದು ಬೆಲ್ಲ ಮುಚ್ಚಲು ನೋಡಿದ.

ಮಾಲಕರು ತಮ್ಮನನ್ನು ಬಿಡಿಸಿದರು. "ತಡಿಯೋ. ಗುಳವ್ಯಾ, ಖರೆ ಹೇಳು. ಯಾರ ಹೇಳಿದ್ರ ನಿನಗ ಇದನ್ನ ತರಾಕ?"

ಅವನು ನನ್ನ ಕಡೆ ನೋಡಿದ. ನಾನು ಕುಳಿತಲ್ಲಿಯೇ ಕಾಲು ಬದಲಿಸಿದೆ. ನಾನಾಗಿಯೇ ಹೇಳಲೆಂದು ಅವನು ಅಷ್ಟು ಹೊತ್ತು ಬಿಟ್ಟುಕೊಟ್ಟ ಎಂದು ಆಮೇಲೆ ತಿಳಿಯಿತು.

"ಯಾರೂ ಹೇಳಿಲ್ರಿ ಮಾಲಕ್ರ," ಎಂದ. "ನಮ್ಮ ಕಡೆ ಹಿಂಗ ಪದ್ಧತಿ ಐತ್ರಿ. ಇಲ್ಲೂ ಹಂಗ ಅನ್ಕೊಂಡ್ನಿ. ತಪ್ಪಾತ್ರಿ."

ಬೀಳಗಿಯಿಂದ ಬಂದಿದ್ದ ಹಿರಿಯ ಬೀಗರೊಬ್ಬರಿಗೆ ನಂಬಿಕೆ ಬರಲಿಲ್ಲ. ನನ್ನ ಕಡೆ ತಿರುಗಿ, "ನೀವು ಗಾಣದಾಗ ಇದ್ದಾವ್ರು, ಆ ಕಡೆ ಮಂದಿ ಕೂಡ ಒಡನಾಟ ಐತಿ. ಹೌದೇನ್ರಿ, ಅವರ ಕಡೆ ಸತ್ತವರ ಮನಿಗೆ ಬೆಲ್ಲಾ ಒಯ್ತಾರಾ?" ಎಂದರು.

ಬೆಳಿಗ್ಗೆ ಹೇಳಿದ್ದು ಹೊಟ್ಟೆಕಿಚ್ಚಿನಲ್ಲಿ ಬಾಯಿಗೆ ಬಂದ ಸುಳ್ಳು. ಆದರೆ ಈಗ ನನಗೆ ಯೋಚಿಸಲು ಹೊತ್ತಿತ್ತು. ಇಡೀ ಅಂಗಳ ನನ್ನ ಬಾಯಿ ನೋಡುತ್ತಿತ್ತು. ನಿಜ ಹೇಳಿದರೆ ಅವನು ಉಳಿಯುತ್ತಾನೆ, ನಾನು ಹೋಗುತ್ತೇನೆ ಎಂದು ಸ್ಪಷ್ಟವಾಗಿ ಲೆಕ್ಕ ಹಾಕಿದೆ.

"ಒಯ್ತಾರಂತ್ರಿ," ಎಂದೆ. "ಕೇಳೇನಿ."

ಮಾಲಕರಿಗೆ ಅವನನ್ನು ಕಳಿಸುವ ಮನಸ್ಸಿರಲಿಲ್ಲ. ತಿಳಿಯದೆ ಮಾಡ್ಯಾನ ಎಂದು ಎರಡು ಸಲ ಅಂದರು. ಮನೆಯ ಹೆಂಗಸರು ಕೇಳಲಿಲ್ಲ. ಆ ಕೈ ಕಾಯಿಸಿದ ಬೆಲ್ಲ ಈ ಹೊಸ್ತಿಲು ದಾಟಬಾರದು ಎಂದರು. ಮರುದಿನ ಬೆಳಿಗ್ಗೆ ಅವನನ್ನು ಲೋಕಾಪುರದ ಬಸ್‌ಸ್ಟ್ಯಾಂಡಿಗೆ ಬಿಟ್ಟುಬರಲು ಮಾಲಕರು ನನಗೇ ಹೇಳಿದರು. ನನ್ನ ಗಾಡಿಯ ಹಿಂದೆ ಟ್ರಂಕು ತೊಡೆಯ ಮೇಲಿಟ್ಟುಕೊಂಡು ಕುಳಿತ. ಬಸ್‌ಸ್ಟ್ಯಾಂಡಿನಲ್ಲಿ ಅವನ ಫೋನು ಎರಡು ಸಲ ರಿಂಗಾಯಿತು, ಹೆಂಡತಿಯದಿರಬೇಕು, ಎತ್ತಲಿಲ್ಲ.

"ನಾ ನಿಮಗ ಏನ ಮಾಡಿದ್ನಿ ಕಾಕಾ?" ಎಂದ.

"ಜಮಖಂಡಿ ಬಸ್ ಬಂತ ನೋಡು," ಎಂದೆ.

ಅವನು ಟ್ರಂಕು ಹೊತ್ತು ಬಸ್ಸು ಹತ್ತಿದ. ಬರ್ತೇನಿ ಎನ್ನಲಿಲ್ಲ.

ನನಗೆ ಕಲ್ಲು ತಿರುಗಿ ಸಿಕ್ಕಿತು. ನಾನು ಮಾಡಿದ್ದೇನು? ಸವಳು ಕಬ್ಬಿಗೆ ಎರಡು ಪಾಲು ಕರಿ ಮಣ್ಣಿನ ಕಬ್ಬು ಸೇರಿಸಿದೆ. ಲೋಳೆಯನ್ನು ಹಾಲು ಬೆಚ್ಚಗಾದಾಗ ಹಾಕಿದೆ, ಸುಣ್ಣ ಅರ್ಧ ಮಾಡಿದೆ, ಇನ್ನೂ ಎಳೆಯದು ಎನ್ನಿಸುವಾಗಲೇ ಕೈ ಎತ್ತಿದೆ. ಬೆಲ್ಲ ಹೊಂಬಣ್ಣ ಬಂತು. "ಅಂವಾ ಹೋದ್ರ ಏನಾತು, ನಮ್ಮ ಹಿರ್ಯಾ ಅದಾನಲ್ಲ" ಎಂದು ಆಳುಗಳು ಹೊಗಳಿದರು. ಮೂರು ಹಂಗಾಮು ಅವನ ಹದದ ಬೆಲ್ಲಕ್ಕೆ ನಾನು ಹೊಗಳಿಸಿಕೊಂಡೆ. ಆಮೇಲೆ ಮೊಣಕಾಲು ಸೋತು ಮನೆಯಲ್ಲಿ ಕುಳಿತೆ. ಅವನ ನಂಬರು ನನ್ನ ಫೋನಿನಲ್ಲಿತ್ತು. ಒಂದು ದಿನ ತೆಗೆದು ನೋಡಿದೆ, ಒತ್ತಲಿಲ್ಲ. ಕೆಲವು ತಿಂಗಳಾದ ಮೇಲೆ ಒತ್ತಿದೆ. ಆ ನಂಬರು ಚಾಲ್ತಿಯಲ್ಲಿಲ್ಲ ಎಂದಿತು. ನನಗೆ ಹಗುರಾಯಿತು. ಹಗುರಾದದ್ದನ್ನೂ ಇಲ್ಲಿ ಬರೆಯಬೇಕು.

ಹೋದ ತಿಂಗಳು ಮುಧೋಳದಲ್ಲಿ ಒಬ್ಬರ ಮನೆಗೆ ದುಃಖ ಮಾತಾಡಿಸಲು ಹೋಗಿದ್ದೆ. ಹೊಸದಾಗಿ ಬಂದ ಸೊಸೆಯೊಬ್ಬಳು ಬುತ್ತಿಯಲ್ಲಿ ಏನೋ ಸಿಹಿ ಇಟ್ಟು ತಂದಿದ್ದಳು. ಅವಳ ಅತ್ತೆ ಬಾಗಿಲಲ್ಲೇ ತಡೆದು, "ಅಯ್ಯ ಹುಚ್ಚಿ, ಕೊಲ್ಲಾಪುರದಾವ ಬೆಲ್ಲಾ ಒಯ್ದಂಗ ಮಾಡಿದ್ಯಲ್ಲ" ಎಂದಳು. ಯಾರೂ ನಗಲಿಲ್ಲ, ಯಾರೂ ಏನದು ಎಂದು ಕೇಳಲಿಲ್ಲ. ಎಲ್ಲರಿಗೂ ಗೊತ್ತಿದ್ದ ಮಾತು. ಪಕ್ಕದಲ್ಲಿದ್ದ ಮಾಸ್ತರರನ್ನು ಕೇಳಿದೆ. "ಹಳೇ ಗಾದಿಮಾತ ಐತಲ್ರಿ ಅದು. ಆ ಕಡೆ ಹಂಗ ಪದ್ಧತಿ ಐತಂತ" ಎಂದರು. ನಮ್ಮ ಅಜ್ಜಂದಿರ ಕಾಲದಿಂದ ಇದ್ದದ್ದು ಎಂದೂ ಸೇರಿಸಿದರು.

ನಾನು ಆಗಲೂ ಹೌದು ಹೌದು ಎಂದೆ. ಮನೆಗೆ ಬಂದ ಮೇಲೆ ಈ ಕಾಗದ ತೆಗೆದೆ.

ಅದು ಗಾದೆಯಲ್ಲ, ಹಳೆಯದೂ ಅಲ್ಲ. ಕೊಲ್ಲಾಪುರದ ಕಡೆಯವರು ಸತ್ತವರ ಮನೆಗೆ ಬೆಲ್ಲ ಒಯ್ಯುವುದಿಲ್ಲ. ನಮ್ಮಂತೆಯೇ ರೊಟ್ಟಿ ಒಯ್ಯುತ್ತಾರೆ, ನಮ್ಮಂತೆಯೇ ಮೂರನೇ ದಿನ. ತನ್ನ ಊರಿನ ಹೆಸರು ಕೆಡಿಸಿಕೊಂಡು ನನ್ನ ಹೆಸರು ಉಳಿಸಿದವನು ಒಬ್ಬನಿದ್ದಾನೆ. ಬೆಲ್ಲ ಒಯ್ಯಲು ಹೇಳಿದವನು ನಾನು. ಒಯ್ದವನು ಕೇರಬಾ.